ಇನ್ನೂರ ಹದಿನಾಲ್ಕು ಅಡುಗೆ ಚೀಟಿಗಳು

೪ ಏಪ್ರಿಲ್ ೨೦೨೩

ತಂಗಿ ಪುಟ್ಟಿಗೆ,

ಮಾರ್ಚ್ ೨೭ರ ನನ್ನ ಪತ್ರದಲ್ಲಿ ಡಬ್ಬಿಯೊಳಗಿನ ಅಡುಗೆ ಚೀಟಿಗಳು ಇನ್ನೂರ ಹನ್ನೆರಡು ಎಂದು ಬರೆದಿದ್ದೆ. ಅದು ತಪ್ಪು. ಕ್ಷಮೆ ಕೋರುತ್ತೇನೆ. ಪಾಕ ಮೆತ್ತಿದ ಕೈಯಲ್ಲಿ ಮುಟ್ಟಿದ್ದರಿಂದ ಎರಡು ಚೀಟಿಗಳು ನೆರೆಯ ಚೀಟಿಗಳಿಗೆ ಅಂಟಿಕೊಂಡಿದ್ದವು. ಮೊಂಡು ಚಾಕುವಿನಿಂದ ಬಿಡಿಸಿದ ಮೇಲೆ ಲೆಕ್ಕ ಇನ್ನೂರ ಹದಿನಾಲ್ಕಕ್ಕೆ ನಿಂತಿತು. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು; ಈಗಲೂ ಮನೆಗೆ ತರಿಸಿಕೊಂಡು ತಿದ್ದುತ್ತೇನೆ. ಪರರು ಹಿಡಿಯುವ ಮೊದಲೇ ನನ್ನ ತಪ್ಪನ್ನು ನಾನೇ ಹಿಡಿದುಕೊಳ್ಳುವುದು ನನ್ನ ಪದ್ಧತಿ. ನಿನ್ನ ಪತ್ರಗಳನ್ನು ನೋಡಿದರೆ ಅಂಥ ಪದ್ಧತಿ ನಮ್ಮ ಮನೆಯಲ್ಲಿ ನನ್ನೊಬ್ಬನಿಗೇ ಬಂದಂತಿದೆ.

ಇನ್ನು ನಿನ್ನ ಯಂತ್ರದ ವಿಚಾರ. ನೀನೂ ನನ್ನ ಮಗಳೂ ಸೇರಿ ಮನೆಯ ಅಡುಗೆಗಳನ್ನೆಲ್ಲ ಜೋಡಿಸಿಡುವ ತಂತ್ರಾಂಶವೊಂದನ್ನು ತಂದಿದ್ದೀರಿ. ಒಬ್ಬಳು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ರೋಗಿಗಳನ್ನು ಅಕಾರಾದಿಯಾಗಿ ಜೋಡಿಸಿದವಳು. ಇನ್ನೊಬ್ಬಳು ಜನರ ಹಲ್ಲು ಕಿತ್ತು ಬದುಕುವವಳು. ಅಡುಗೆಗೂ ನಿಮಗೂ ಇರುವ ಸಂಬಂಧ ಇಷ್ಟೇ: ಒಬ್ಬಳು ಅಜೀರ್ಣದವರ ಹೆಸರು ಬರೆದಳು, ಇನ್ನೊಬ್ಬಳು ಜನ ಅಗಿಯದಂತೆ ಮಾಡಿದಳು. ನಮ್ಮ ಬಳಗದ ಹನ್ನೊಂದು ಮನೆಗಳಿಗೆ ಒಂದೇ ಸಲ ಕಳುಹಿಸಬಹುದು ಎಂದು ಹಿಗ್ಗಿ ಬರೆದಿದ್ದೀಯೆ. ಕಳುಹಿಸು. ಮಾಡಿ ತಿನ್ನುವವರು ಆ ಹನ್ನೊಂದರಲ್ಲಿ ಒಬ್ಬರೂ ಇಲ್ಲ.

ಆದರೂ ಕೆಲಸ ಒಪ್ಪಿಕೊಂಡಿದ್ದೇನೆ. ಒಪ್ಪಿದ್ದನ್ನು ಸರಿಯಾಗಿ ಮಾಡುತ್ತೇನೆ. ಮೊದಲ ಐವತ್ತು ಚೀಟಿಗಳನ್ನು ಶುದ್ಧ ಪ್ರತಿ ಮಾಡಿ ಇದರೊಂದಿಗೆ ಇಟ್ಟಿದ್ದೇನೆ. ಮೂಲದ ಭಾಷೆ ಹಿತ್ತಲ ಮಾತಿನಂತಿತ್ತು, ತಿದ್ದಿದ್ದೇನೆ. ಅಡುಗೆಗೆ ಸಂಬಂಧಿಸದ ವಾಕ್ಯಗಳನ್ನು ತೆಗೆದಿದ್ದೇನೆ. ಚೀಟಿಗಳಲ್ಲಿ ತಾರೀಖು ಇರಲಿಲ್ಲ. ನಿನ್ನ ಯಂತ್ರ ತಾರೀಖಿಲ್ಲದೆ ಮುಂದಕ್ಕೆ ಹೋಗದಂತೆ. ಆದ್ದರಿಂದ ನೆನಪಿನಿಂದ ಪ್ರತಿಯೊಂದಕ್ಕೂ ಕೊಟ್ಟಿದ್ದೇನೆ. ನನ್ನ ನೆನಪು ನಿನಗೆ ಗೊತ್ತು.

ನಿನ್ನ ಯಂತ್ರದ ‘ಮಾಡಿದವರು’ ಎಂಬ ಖಾಲಿ ಮನೆಯಲ್ಲಿ ಇನ್ನೂರ ಹದಿನಾಲ್ಕಕ್ಕೂ ‘ಅಮ್ಮ’ ಎಂದೇ ತುಂಬು. ನಿನ್ನ ಅತ್ತಿಗೆ ಬರೆದುಕೊಂಡವಳು ಮಾತ್ರ. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಹೇಳಿದಳು, ಇವಳು ಗೀಚಿದಳು. ಪ್ರತಿಯೊಂದು ಚೀಟಿಯ ನೆತ್ತಿಯ ಮೇಲೂ ಇವಳ ಕೈಯಲ್ಲೇ ‘ಅತ್ತೆ ಹೇಳಿದ್ದು’ ಎಂದಿದೆ. ಅಚ್ಚುಮೊಳೆ ಜೋಡಿಸಿದವನನ್ನು ಯಾರಾದರೂ ಗ್ರಂಥಕರ್ತ ಎನ್ನುತ್ತಾರೆಯೆ?

ನಿನ್ನ ಅಣ್ಣ


15 ಏಪ್ರಿಲ್ 2023

ಅಣ್ಣನಿಗೆ,

ನಿನ್ನ ಐವತ್ತು ಶುದ್ಧ ಪ್ರತಿಗಳು ಬಂದವು. ಎಷ್ಟು ಶುದ್ಧವಾಗಿದ್ದವು ಎಂದರೆ, ಒಂದನ್ನು ಮಾಡಿ ನೋಡೋಣವೆಂದು ಒಲೆ ಹಚ್ಚಿದವಳು ಪಾತ್ರೆಯನ್ನೇ ಎಸೆಯಬೇಕಾಯಿತು. ಸೇಬಿನ ಮುರಬ್ಬ. ‘ಪಾಕವು ಪರಿಪಕ್ವಗೊಂಡ ತರುವಾಯ ಇಳಿಸತಕ್ಕದ್ದು’ ಎಂದು ಬರೆದಿದ್ದೀಯೆ. ಪರಿಪಕ್ವಗೊಳ್ಳಲೆಂದು ನಾನು ಕಾದೆ. ಅದು ಕಲ್ಲಾಯಿತು, ಚಮಚ ಇಂದಿಗೂ ಅದರಲ್ಲೇ ನಿಂತಿದೆ. ಅತ್ತಿಗೆ ಏನು ಬರೆದಿದ್ದಳು, ದಯವಿಟ್ಟು ಅದನ್ನೇ ಕಳುಹಿಸು. ನೀನು ತಿದ್ದಿದ ಅಡುಗೆಯನ್ನು ಓದಬಹುದು, ತಿನ್ನಲಾಗುವುದಿಲ್ಲ.

ತಂತ್ರಾಂಶದ ಬಗ್ಗೆ ನಿನ್ನ ಮೂದಲಿಕೆಯಲ್ಲಿ ಅರ್ಧ ನಿಜ, ಮುಚ್ಚಿಡುವುದಿಲ್ಲ. ಪ್ರತಿ ಅಡುಗೆಗೂ ಐದು ಮನೆ ತುಂಬಬೇಕು: ಹೆಸರು, ಮಾಡಿದವರು, ತಾರೀಖು, ಎಷ್ಟು ಜನಕ್ಕೆ, ಎಷ್ಟು ಹೊತ್ತು. ‘ಚಿಟಿಕೆ’ ಎಂದು ಬರೆದರೆ ‘ಅಳತೆ ತಿಳಿಯಲಿಲ್ಲ’ ಎಂದು ಅಳುತ್ತದೆ. ನಾಲ್ವರ ಗಂಜಿಯನ್ನು ನಲವತ್ತು ಜನಕ್ಕೆ ಹಿಗ್ಗಿಸು ಎಂದೆ. ಉಪ್ಪು, ನೀರು, ಕುಂಬಳಕಾಯಿ ಎಲ್ಲವನ್ನೂ ಸರಿಯಾಗಿ ಹತ್ತು ಪಟ್ಟು ಮಾಡಿತು. ಜೊತೆಗೆ ಬೇಯುವ ಹೊತ್ತನ್ನೂ ಹತ್ತು ಪಟ್ಟು ಮಾಡಿ ಆರು ಗಂಟೆ ನಲವತ್ತು ನಿಮಿಷ ಎಂದಿತು. ನಿನ್ನ ತಮ್ಮನಂತೆಯೇ ಇದೆ: ಲೆಕ್ಕ ಬರುತ್ತದೆ, ಬುದ್ಧಿ ಇಲ್ಲ. ತಮ್ಮ ನಮಗೆ ಇಲ್ಲವಲ್ಲ ಎಂದು ಕೆಂಪು ಶಾಯಿ ಎತ್ತಬೇಡ; ಇದ್ದಿದ್ದರೆ ಹೀಗಿರುತ್ತಿದ್ದ ಎಂದೆ.

ಚಂದಾ ಕಟ್ಟಿದವಳು ನಿನ್ನ ಮಗಳು. ಜೂನ್ 30ಕ್ಕೆ ಅದು ಮುಗಿಯುತ್ತದೆ. ಅಂದು ಹನ್ನೊಂದು ಮನೆಗೂ ಕಳುಹಿಸಿಬಿಡುತ್ತೇವೆ. ಆಮೇಲೆ ಓದಬಹುದು, ಒಂದಕ್ಷರ ಬದಲಾಯಿಸಲಾಗದು. ‘ಮಾಡಿದವರು’ ವಿಚಾರಕ್ಕೆ ಅವಳಿಗೂ ನನಗೂ ಫೋನಿನಲ್ಲಿ ಜಗಳವಾಯಿತು. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ:

“ಪುಟ್ಟತ್ತೆ, ಹುಟ್ಟಿದಾಗಿನಿಂದ ನಾನು ತಿಂದಿದ್ದು ಅಮ್ಮ ಬಡಿಸಿದ್ದು. ಅಮ್ಮನ ಹೆಸರು ಒಂದು ಕಡೆನೂ ಇಲ್ದೆ ಅದೇನು ಪುಸ್ತಕ? ಹಾಗಾದ್ರೆ ನಮ್ಮನೆಗೆ ಕಳಿಸ್ಬೇಡಿ. ಅಪ್ಪನಿಗೂ ಹೇಳ್ಬಿಡಿ, ನಾನು ಆಮೇಲೆ ಅಲ್ಲಿಗೆ ಬಂದು ಊಟಕ್ಕೆ ಕೂರೋಳೂ ಅಲ್ಲ.”

ನಾನು ನಿನ್ನ ಪರವಾಗಿಯೇ ಮಾತಾಡಿದೆ. ಅಮ್ಮನ ಹೆಸರೇ ಇರಲಿ, ನನ್ನ ತಕರಾರಿಲ್ಲ. ತವರಿನ ಕೀರ್ತಿ ಯಾರಿಗೆ ಬೇಡ?

ಅದಿರಲಿ, ನೀನು ಈಗ ಏನು ತಿನ್ನುತ್ತಿದ್ದೀಯೆ?

ಪುಟ್ಟಿ

ಮರೆತಿದ್ದೆ: ಮೂಲ ಚೀಟಿಗಳನ್ನೇ ಕಳುಹಿಸು. ಪಟ ತೆಗೆದು ತಂತ್ರಾಂಶದೊಳಗೆ ಇಡಬಹುದು. ಅಮ್ಮನ ಕಾಲದ ಕಾಗದ ಮಕ್ಕಳಿಗೆ ಕಾಣಲಿ.


೨೬ ಏಪ್ರಿಲ್ ೨೦೨೩

ತಂಗಿಗೆ,

ನಾನು ತಿನ್ನುವುದು ಎದುರಿನ ಖಾನಾವಳಿಯಿಂದ ಬರುತ್ತದೆ. ಮೂರು ಅಂತಸ್ತಿನ ಡಬ್ಬಿ. ಮೂರರಲ್ಲಿಯೂ ಒಂದೇ ರುಚಿ, ಬಣ್ಣ ಮಾತ್ರ ಬೇರೆ. ಖಾನಾವಳಿಯವನನ್ನು “ಇದೇನಪ್ಪ ಇದು?” ಎಂದು ಕೇಳಿದೆ. “ಸ್ವಾಮಿ, ಎಲ್ರೂ ತಿಂತಾರೆ, ನಿಮ್ಮೊಬ್ರಿಗೇ ನಾಲಿಗೆ ಇರೋದು” ಎಂದ. ಅಷ್ಟು ನಿಜ ಹೇಳುವವನು ಅಡುಗೆ ಏಕೆ ಮಾಡಬೇಕೋ ತಿಳಿಯದು.

ಮುರಬ್ಬ ಕಲ್ಲಾದದ್ದಕ್ಕೆ ನನ್ನ ಭಾಷೆಯನ್ನು ದೂರುತ್ತೀಯೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೂಲದಲ್ಲಿ ‘ಬೆರಳಿಗೆ ಅಂಟಿ ನೂಲು ಎಳೀತೀನಿ ಅನ್ನೋ ಹೊತ್ತಿಗೆ ಇಳಿಸಿಬಿಡು, ಆಸೆ ಬೇಡ’ ಎಂದಿದೆ. ನೂಲು ತಾನೇ ‘ಎಳೆಯುತ್ತೇನೆ’ ಎನ್ನುವುದೆ? ಆಸೆ ಯಾರಿಗೆ, ಏತಕ್ಕೆ? ಇಂಥದ್ದನ್ನು ಹನ್ನೊಂದು ಮನೆಗೆ ಕಳುಹಿಸಿದರೆ ನಮ್ಮದು ಅಕ್ಷರ ತಿಳಿದವರ ಮನೆ ಎಂದು ಯಾರು ನಂಬುತ್ತಾರೆ?

ಮಗಳ ಬೆದರಿಕೆ ಓದಿದೆ. ಅವಳಿಗೆ ಹಿನ್ನೆಲೆ ಗೊತ್ತಿಲ್ಲ. ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ಮದುವೆಯಾದ ಎರಡನೆಯ ತಿಂಗಳು ನಿನ್ನ ಅತ್ತಿಗೆ ತನ್ನದೇ ಕಲ್ಪನೆಯ ಬದನೆಕಾಯಿಯನ್ನು ಸುಟ್ಟು ಹಿಸುಕಿ ಬಡಿಸಿದ್ದಳು. ನಾನು ತಟ್ಟೆ ದೂಡಿ, “ಇದೇನು, ಗಾಯಕ್ಕೆ ಹಚ್ಚೋದಾ?” ಎಂದೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಒಂದು ಮಾತಿನಿಂದ ಅವಳು ದಾರಿಗೆ ಬಂದಳು. ಅಮ್ಮನ ಬಳಿ ಕುಳಿತು ಕೇಳಿ ಬರೆದುಕೊಳ್ಳಲಾರಂಭಿಸಿದಳು. ಅಲ್ಲಿಂದ ಮುಂದೆ ನಾನು ಈ ಮನೆಯಲ್ಲಿ ಅಮ್ಮನದಲ್ಲದ ಒಂದು ತುತ್ತನ್ನೂ ತಿಂದಿಲ್ಲ. ೯ ಮಾರ್ಚ್ ೧೯೯೯ರಂದು ಅಮ್ಮ ತೀರಿಕೊಂಡ ಮೇಲೂ ಹಾಗೆಯೇ ನಡೆಯಿತು. ಹೊಸದೇನಾದರೂ ಬಡಿಸಿದಾಗ ನಾನು ಕೇಳುತ್ತಿದ್ದೆ. “ಅತ್ತೆ ಹೇಳಿದ್ದು ಇನ್ನೂ ಬೇಕಾದಷ್ಟಿದೆ, ಒಂದೊಂದೇ ನೆನಪಿಗೆ ಬರುತ್ತೆ” ಎನ್ನುತ್ತಿದ್ದಳು. ಅವಳಲ್ಲಿ ನಾನು ಮೆಚ್ಚಿದ ಗುಣ ಅದೊಂದೇ: ನೆನಪು. ೨೧ ಅಕ್ಟೋಬರ್ ೨೦೨೧ರಂದು ಅವಳೂ ಹೋದಳು. ನೆನಪಿಟ್ಟುಕೊಂಡದ್ದಕ್ಕೆ ಗೌರವ ಸಲ್ಲಲಿ. ಮಾಡಿದವಳೆಂಬ ಹೆಸರು ಸಲ್ಲದು. ಮಗಳಿಗೆ ಹೀಗೆಯೇ ಹೇಳು.

ಉಳಿದ ಶುದ್ಧ ಪ್ರತಿಗಳ ಜೊತೆಗೆ ಮೂಲ ಚೀಟಿಗಳಲ್ಲಿ ಇಪ್ಪತ್ತನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ್ದೇನೆ. ಮೂಲಗಳನ್ನು ಎಣಿಸಿಕೊಂಡು ಹಿಂದಿರುಗಿಸು. ನಿನ್ನ ಕೈಗೂ ಪಾಕ ಮೆತ್ತಿರಬಹುದು.

ಅಣ್ಣ


12 ಮೇ 2023

ಅಣ್ಣನಿಗೆ,

ಇಪ್ಪತ್ತು ಬಂದವು. ಇಪ್ಪತ್ತನ್ನೂ ಹಿಂದಿರುಗಿಸುತ್ತಿದ್ದೇನೆ. ನೀನೂ ಎಣಿಸಿಕೋ, ಎಣಿಸುವಾಗ ಪ್ರತಿಯೊಂದನ್ನೂ ತಿರುಗಿಸಿ ನೋಡು.

ತಂತ್ರಾಂಶ ಪಟ ಕೇಳುವಾಗ ‘ಮುಂಭಾಗ’ ಎನ್ನುತ್ತದೆ, ಆಮೇಲೆ ‘ಹಿಂಭಾಗ’ ಎನ್ನುತ್ತದೆ. ಬುದ್ಧಿ ಇಲ್ಲದ ಯಂತ್ರ, ಕೇಳಿದ್ದನ್ನೇ ಕೇಳುತ್ತದೆ. ಕೇಳಿತಲ್ಲ ಎಂದು ತಿರುಗಿಸಿದೆ. ಅತ್ತಿಗೆ ಬರೆದದ್ದು ನೀನು ಅಚ್ಚುಕೂಟದಿಂದ ತಂದು ರದ್ದಿಗೆ ಎಸೆಯುತ್ತಿದ್ದ ಕರಡು ಹಾಳೆಗಳ ಬೆನ್ನಿನ ಮೇಲೆ. ಹಾಳೆಯನ್ನು ನಾಲ್ಕಾಗಿ ಕತ್ತರಿಸಿ ಚೀಟಿ ಮಾಡಿಕೊಂಡಿದ್ದಾಳೆ. ನೀನು ಪ್ರತಿ ಹಾಳೆಯ ಅಡಿಯಲ್ಲಿ ಕೆಂಪು ಶಾಯಿಯಲ್ಲಿ ‘ನೋಡಿದ್ದೇನೆ’ ಎಂದು ಬರೆದು ತಾರೀಖು ಹಾಕುತ್ತೀಯಲ್ಲ, ಆ ಅಡಿಯ ತುಂಡು ಇಪ್ಪತ್ತರಲ್ಲಿ ಏಳು ಚೀಟಿಗೆ ಸಿಕ್ಕಿದೆ.

ಚೀಟಿ 17, ಕುಂಬಳಕಾಯಿ ಗಂಜಿ. ನೀನು ಕೊಟ್ಟ ತಾರೀಖು 6 ಮೇ 1984. ಬೆನ್ನಲ್ಲಿ ಏಳನೆಯ ತರಗತಿಯ ಭೂಗೋಳ, ನದಿಗಳ ಪಾಠ. ನಿನ್ನ ಕೆಂಪು ಅಕ್ಷರದಲ್ಲಿ 11 ಜುಲೈ 2005. ಅಮ್ಮ ತೀರಿಕೊಂಡು ಆಗ ಆರು ವರ್ಷ. ತಂತ್ರಾಂಶದಲ್ಲಿ ಅಮ್ಮನ ಪುಟಕ್ಕೆ ಅವಳ ಹುಟ್ಟು ಸಾವುಗಳ ತಾರೀಖು ತುಂಬಿದ್ದೆ. ಗಂಜಿಗೆ 2005 ಎಂದು ಹಾಕಿದೊಡನೆ ಕೆಂಪು ಗುರುತು ಬಂತು: ‘ಈ ವ್ಯಕ್ತಿ ಈ ದಿನ ಇಲ್ಲ.’ ಏಳಕ್ಕೆ ಏಳರಲ್ಲೂ ಹಾಗೆಯೇ ಬಂತು. ನನ್ನ ದಾಖಲೆ ಕೋಣೆಯಲ್ಲೂ ಸತ್ತವರ ಹೆಸರಿನಲ್ಲಿ ಔಷಧಿ ಬರೆದ ವೈದ್ಯರಿದ್ದರು. ಆದರೆ ಇನ್ನೂರ ಹದಿನಾಲ್ಕು ಸಲ ಬರೆದವರನ್ನು ಕಾಣೆ.

ನಲವತ್ತು ವರ್ಷ ಪರರ ಹಾಳೆಯಲ್ಲಿ ನೊಣ ಹುಡುಕಿದೆ. ನಿನ್ನ ತಟ್ಟೆಯಲ್ಲೇ ಹೆಗ್ಗಣ ಬಿದ್ದಿತ್ತು. ಒಂದು ಚೀಟಿಯ ಇನ್ನೊಂದು ಬದಿ ನೋಡಬೇಕೆಂದು ನಿನಗೆ ತೋಚಲಿಲ್ಲವೆ?

ಪಟಗಳನ್ನು ನಿನ್ನ ಮಗಳೂ ನೋಡಿದಳು. ನೋಡಿದವಳೇ ಫೋನ್ ಇಟ್ಟಳು.

ಪುಟ್ಟಿ


೧೬ ಮೇ ೨೦೨೩

ತಂಗಿಗೆ,

ನಿನ್ನ ಪತ್ರ ತಲುಪಿದ ದಿನವೇ ಉತ್ತರಿಸುತ್ತಿದ್ದೇನೆ, ಏಕೆಂದರೆ ಇದರಲ್ಲಿ ಯೋಚಿಸಬೇಕಾದದ್ದೇನೂ ಇಲ್ಲ.

ಹಳೆಯ ಚೀಟಿಗಳು ಎಣ್ಣೆ ಜಿಡ್ಡಿನಿಂದ ಹಾಳಾಗಿರುತ್ತವೆ. ಹಾಳಾದದ್ದನ್ನು ಹೊಸ ಕಾಗದದ ಮೇಲೆ ನಕಲು ಮಾಡಿಕೊಂಡಿದ್ದಾಳೆ. ಅಷ್ಟೆ. ನಕಲಿನ ತಾರೀಖು ಮೂಲದ ತಾರೀಖಲ್ಲ. ಅಚ್ಚಿನ ಕೆಲಸದಲ್ಲಿ ಒಂದು ವಾರ ಇದ್ದವನಿಗೂ ಇದು ಗೊತ್ತು. ಬೆನ್ನು ನೋಡಿ ಮುಖ ಗುರುತಿಸಿದೆ ಎನ್ನುವ ನಿನ್ನ ಪಾಂಡಿತ್ಯಕ್ಕೆ ದಾಖಲೆ ಕೋಣೆಯೇ ಸರಿಯಾದ ಸ್ಥಳವಾಗಿತ್ತು. ನಿವೃತ್ತಿ ಕೊಟ್ಟವರು ತಪ್ಪು ಮಾಡಿದರು.

ಯಂತ್ರ ಕೆಂಪು ಗುರುತು ತೋರಿಸಿತಂತೆ! ಮೂರು ತಿಂಗಳ ಹಿಂದೆ ಹುಟ್ಟಿದ ಡಬ್ಬ ನನಗೆ ಕೆಂಪು ಗುರುತು ಹಾಕುವುದೆ? ಅದಕ್ಕೆ ಚಿಟಿಕೆ ಎಂದರೆ ಏನೆಂದು ತಿಳಿಯದು. ಅಮ್ಮ ಎಂದರೆ ಏನೆಂದು ತಿಳಿಯುವುದೆ?

ಉಳಿದ ಮೂಲಗಳನ್ನು ಕಳುಹಿಸುವುದಿಲ್ಲ. ಡಬ್ಬಿಯನ್ನು ಅಟ್ಟಕ್ಕೆ ಹಾಕಿಸಿದ್ದೇನೆ. ನನ್ನ ಶುದ್ಧ ಪ್ರತಿಗಳಿಂದ ಕೆಲಸ ಮುಗಿಸು. ಎಲ್ಲೆಡೆ ‘ಅಮ್ಮ’ ಎಂದೇ ಇರಲಿ. ಮಗಳು ಊಟಕ್ಕೆ ಬರದಿದ್ದರೆ ಬೇಡ. ಬಂದರೂ ಖಾನಾವಳಿಯ ಡಬ್ಬಿಯನ್ನೇ ತಿನ್ನಬೇಕು.

ಅಣ್ಣ


9 ಜೂನ್ 2023

ಅಣ್ಣನಿಗೆ,

ಮೂರು ವಾರ ಬರೆಯಲಿಲ್ಲ. ಸಿಟ್ಟಿನಿಂದ ಎಂದು ನೀನು ತಿಳಿದಿರುತ್ತೀಯೆ. ಅಲ್ಲ, ನಾಚಿಕೆಯಿಂದ. ನನಗೆ ಅಪರೂಪವಾದ್ದರಿಂದ ಇಳಿಯಲು ಹೊತ್ತು ಹಿಡಿಯಿತು.

ಮೊದಲು ನಿನ್ನ ನಕಲಿನ ವಾದ. ಚೀಟಿ 96, ಹಾಲಿನ ಗಿಣ್ಣು. ನೀನು ಕೊಟ್ಟ ತಾರೀಖು 1985. ನಿನ್ನ ಶುದ್ಧ ಪ್ರತಿಯಲ್ಲಿ ನಾಲ್ಕು ವಾಕ್ಯ ಇವೆ, ಮೂಲದಲ್ಲಿ ಐದು. ‘ಅಡುಗೆಗೆ ಸಂಬಂಧಿಸದ್ದು’ ಎಂದು ನೀನು ತೆಗೆದ ಐದನೆಯದು ಪಟದಲ್ಲಿ ಹೀಗಿದೆ: ‘ಇವರಿಗೆ ಸಕ್ಕರೆ ಕಾಯಿಲೆ ಅಂದ ಮೇಲೆ ಸಿಹಿ ಕಾಲು ಭಾಗ, ಖರ್ಜೂರದ್ದು, ಗೊತ್ತಾಗಬಾರದು.’ ನಿನಗೆ ಸಕ್ಕರೆ ಕಾಯಿಲೆ ಎಂದು ವೈದ್ಯರು ಹೇಳಿದ್ದು 2008ರಲ್ಲಿ. ನಮ್ಮ ಆಸ್ಪತ್ರೆಯಲ್ಲೇ, ಕಡತ ತೆಗೆದು ಕೊಟ್ಟವಳೇ ನಾನು. ಹದಿಮೂರು ವರ್ಷ ನೀನು ಆ ಗಿಣ್ಣನ್ನು ತಿಂದೆ. “ಅಮ್ಮ ಹೀಗೇ ಮಾಡುತ್ತಿದ್ದಳು” ಎಂದು ಪ್ರತಿ ಸಲವೂ ಹೇಳಿದೆ. ಅಮ್ಮ ಖರ್ಜೂರದ ಬೀಜ ಕೂಡ ಮುಟ್ಟಿದವಳಲ್ಲ.

ಅಮ್ಮನ ವಿಚಾರ ಈಗ ಹೇಳಿಬಿಡುತ್ತೇನೆ. ಅಮ್ಮ ಒಂಬತ್ತು ಅಡುಗೆ ಮಾಡುತ್ತಿದ್ದಳು. ಒಂಬತ್ತೇ. ವಾರಕ್ಕೆ ಏಳು ದಿನ. ಏಳಾದ ಮೇಲೆ ಎರಡು ಉಳಿಯುತ್ತಿದ್ದವು, ಅವು ನೆಂಟರಿಗೆ. ನಾನು ಅದನ್ನೇ ತಿಂದು ಬೆಳೆದವಳು, ನೀನೂ ಕೂಡ. ಒಂಬತ್ತು ಹೇಗೆ ಇನ್ನೂರ ಹದಿನಾಲ್ಕಾಯಿತು ಎಂದು ನಾವಿಬ್ಬರೂ ಒಮ್ಮೆಯೂ ಎಣಿಸಲಿಲ್ಲ. ಎಣಿಸಲಿಲ್ಲ ಎಂದರೆ, ನೀನು ಎಣಿಸಲಿಲ್ಲ. ನನಗೆ ಗೊತ್ತಿತ್ತು.

ಅಮ್ಮ ಹೋದ ಮರುವರ್ಷ ನಿಮ್ಮಲ್ಲಿಗೆ ಬಂದಿದ್ದೆ. ಈರುಳ್ಳಿಯನ್ನು ಸಿಪ್ಪೆ ಸಮೇತ ಬೂದಿಯಲ್ಲಿ ಸುಟ್ಟು, ಮೊಸರು ಹಾಕಿ ಏನೋ ಮಾಡಿದ್ದಳು. ನೀನು ಮೂರು ಸಲ ಬಡಿಸಿಕೊಂಡೆ. “ಅಮ್ಮನ ಕೈ ಅಂದ್ರೆ ಅಮ್ಮನ ಕೈ. ಇಂಥದ್ದು ಇನ್ಯಾರಿಗೆ ಬರಬೇಕು?” ಎಂದೆ. ಅತ್ತಿಗೆ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ನೀನು ಕೈ ತೊಳೆಯಲು ಹೋದಾಗ ನಾನು ಒಳಗೆ ಹೋದೆ.

“ಅತ್ತಿಗೆ, ಇದನ್ನ ಅಮ್ಮ ಯಾವತ್ತು ಮಾಡಿದ್ಲು? ನಾನು ತಿಂದೇ ಇಲ್ವಲ್ಲ!”

“ನೀನೊಬ್ಳೇ ಅಲ್ಲ ಕಣೇ, ಅತ್ತೇನೂ ತಿಂದಿಲ್ಲ.”

“ಮತ್ತೆ ಅವಳ ಹೆಸರ್ಯಾಕೆ?”

“ನಿಮ್ಮಣ್ಣನ ನಾಲಿಗೆಗೆ ಉಪ್ಪು ಖಾರ ಗೊತ್ತಾಗಲ್ಲ, ಹೆಸರು ಮಾತ್ರ ಗೊತ್ತಾಗತ್ತೆ. ನಂದು ಅಂದ್ರೆ ಹಸಿವಿಲ್ಲ ಅಂತಾರೆ. ಅತ್ತೇದು ಅಂದ್ರೆ ಪಾತ್ರೆ ಕೆರೀತಾರೆ. ಯಾರ ಹೆಸರಾದ್ರೆ ಏನು, ತಟ್ಟೆ ಖಾಲಿಯಾದ್ರೆ ಸಾಕು.”

“ಚೀಟಿ ಮೇಲೂ ಹಾಗೇ ಬರೀತೀಯಾ?”

“ಬರೀದೆ? ಇವರು ಅಡುಗೆಮನೆಗೆ ಬರೋದೇ ತಪ್ಪು ಹುಡುಕೋಕೆ. ಚೀಟಿ ಕಣ್ಣಿಗೆ ಬಿದ್ರೆ ಮೊದಲು ನೋಡೋದು ತಲೆಬರಹ. ಅಲ್ಲಿ ಅತ್ತೆ ಕೂತಿದ್ರೆ ಮುಂದಕ್ಕೆ ಓದಲ್ಲ.”

ಇಬ್ಬರೂ ನಕ್ಕೆವು. ನಾನು ಹೆಚ್ಚು ನಕ್ಕೆ. ನನ್ನ ಅಣ್ಣನೆಂಬ ಮಹಾ ಪಂಡಿತನನ್ನು ತಲೆಬರಹವೊಂದು ಇಪ್ಪತ್ತು ವರ್ಷ ಹೀಗೆ ಮೂಗುದಾರ ಹಿಡಿದು ನಡೆಸಿತಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ನಗುತ್ತಿದ್ದೆ. ಮರುದಿನ ಆಸ್ಪತ್ರೆಗೆ ಅದೇ ಈರುಳ್ಳಿಯನ್ನು ಡಬ್ಬಿಯಲ್ಲಿ ಒಯ್ದೆ. ದಾಖಲೆ ಕೋಣೆಯವರು ಬೆರಳು ಚೀಪಿದರು. “ಯಾರದಿದು?” ಎಂದರು. “ನಮ್ಮಮ್ಮಂದು” ಎಂದೆ. ಬಾಯಿ ತಡೆಯಲೇ ಇಲ್ಲ. ಅಲ್ಲಿಂದ ಮುಂದೆ ನಾನು ಸುಮ್ಮನಿದ್ದದ್ದು ಅವಳ ಗುಟ್ಟು ಕಾಯಲೆಂದಲ್ಲ. ನನಗೂ ಅದು ಅನುಕೂಲವಾಗಿತ್ತು. ಏಪ್ರಿಲ್‌ನಲ್ಲಿ ‘ತವರಿನ ಕೀರ್ತಿ’ ಎಂದು ನಿನಗೆ ಬರೆದವಳು ಎಲ್ಲವನ್ನೂ ತಿಳಿದೇ ಬರೆದಳು. ನೀನು ಮೂರ್ಖ. ನಾನು ಮೂರ್ಖಳೂ ಅಲ್ಲ, ಅದಕ್ಕಿಂತ ಕಡೆ.

ನಿನ್ನ ಮಗಳಿಗೆ ಇದನ್ನೆಲ್ಲ ಹೇಳಿದೆ. “ನನಗೆ ಗೊತ್ತಿತ್ತು ಪುಟ್ಟತ್ತೆ. ಹಲ್ಲು ನೋಡಿ ಯಾರು ಏನು ತಿಂದ್ರು ಅಂತ ಹೇಳೋಳು ನಾನು, ನಮ್ಮನೇದು ಗೊತ್ತಾಗಲ್ವಾ? ಅಪ್ಪ ಬಾಯಿಬಿಟ್ಟು ಹೇಳಲಿ, ನನಗೆ ಅಷ್ಟೇ ಬೇಕು” ಎಂದಳು.

ಜೂನ್ 30ಕ್ಕೆ ಇನ್ನು ಮೂರು ವಾರ. ‘ಮಾಡಿದವರು’ ಮನೆಯನ್ನು ನಾನೇ ಬದಲಾಯಿಸಬಲ್ಲೆ, ಬೆರಳೊತ್ತಿದರೆ ಮುಗಿಯಿತು. ಆದರೆ ಬದಲಾಯಿಸುವುದಿಲ್ಲ. ನಾನು ಮಾಡಿದರೆ ನೀನು ‘ತಂಗಿಯ ತಪ್ಪು’ ಎಂದು ಹನ್ನೊಂದು ಮನೆಗೂ ಕಾರ್ಡು ಬರೆಯುತ್ತೀಯೆ. ನಿನ್ನ ಕೈ ಬರಹ ಬೇಕು. 30ರೊಳಗೆ ಬಾರದಿದ್ದರೆ ನೀನು ಹೇಳಿದಂತೆಯೇ ಎಲ್ಲೆಡೆ ‘ಅಮ್ಮ’ ಎಂದೇ ಹೋಗುತ್ತದೆ, ಅತ್ತಿಗೆ ಇನ್ನು ಎಲ್ಲಿಯೂ ಇರುವುದಿಲ್ಲ. ಅದನ್ನು ಆಮೇಲೆ ನೀನೂ ತಿದ್ದಲಾರೆ.

ಪುಟ್ಟಿ


೨೪ ಜೂನ್ ೨೦೨೩

ತಂಗಿಗೆ,

ಇದನ್ನು ಶೀಘ್ರ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ೨೭ಕ್ಕೆ ತಲುಪಬೇಕು. ತಲುಪದಿದ್ದರೆ ಅಂಚೆಯವರ ಮೇಲೆ ದೂರು ಬರೆಯುತ್ತೇನೆ.

ನಿನ್ನ ಪತ್ರದಲ್ಲಿ ಒಂದು ತಪ್ಪಿದೆ. ಅಮ್ಮನ ಅಡುಗೆಗಳು ಒಂಬತ್ತು ಎಂದೆ. ಹನ್ನೊಂದು. ಜ್ವರ ಬಂದಾಗ ಮಾಡುತ್ತಿದ್ದ ಜೀರಿಗೆ ತಿಳಿಯನ್ನೂ, ನೀನು ಇಷ್ಟಪಡದ ಕಾರಣ ಮರೆತಿರುವ ಹಾಗಲಕಾಯಿಯನ್ನೂ ನೀನು ಬಿಟ್ಟಿದ್ದೀಯೆ. ಮೂವತ್ತು ವರ್ಷ ದಾಖಲೆ ಇಟ್ಟವಳ ಲೆಕ್ಕ ಹೀಗಿದ್ದರೆ ರೋಗಿಗಳು ಉಳಿದದ್ದು ದೈವಕೃಪೆ.

ಡಬ್ಬಿಯನ್ನು ಅಟ್ಟದಿಂದ ಇಳಿಸಿದೆ. ಇನ್ನೂರ ಹದಿನಾಲ್ಕನ್ನೂ ಮೇಜಿನ ಮೇಲೆ ಬೆನ್ನು ಮೇಲಾಗಿ ಹರಡಿದೆ. ಅಡಿಯ ತುಂಡಲ್ಲದವುಗಳಲ್ಲಿ ನನ್ನ ತಾರೀಖು ಇರಲಿಲ್ಲ. ಆದರೆ ಯಾವ ಕರಡನ್ನು ಯಾವ ದಿನ ನೋಡಿದೆ ಎಂಬ ದಿನಚರಿ ನನ್ನಲ್ಲಿದೆ. ಮೊದಲ ದಿನದಿಂದ ಒಂದು ಪುಟವೂ ತಪ್ಪಿಲ್ಲ. ಅದರೊಡನೆ ತಾಳೆ ನೋಡಿದೆ. ನಾಲ್ಕು ದಿನ ಹಿಡಿಯಿತು. ಇಷ್ಟು ನಿರ್ದುಷ್ಟವಾದ ಸಾಕ್ಷ್ಯವನ್ನು ನಾನೇ ಬರೆದು, ನಾನೇ ತಾರೀಖು ಹಾಕಿ, ನಾನೇ ಅವಳ ಕೈಗೆ ಕೊಟ್ಟಿದ್ದೆ. ಓದದೇ ಉಳಿದವನೂ ನಾನೇ. ಅಚ್ಚುಕೂಟದಲ್ಲಿ ಇಂಥ ಕೆಲಸ ಮಾಡಿದವನನ್ನು ನಾನಾಗಿದ್ದರೆ ಅಂದೇ ಮನೆಗೆ ಕಳುಹಿಸುತ್ತಿದ್ದೆ. ನನ್ನ ಶುದ್ಧ ಪ್ರತಿಗಳನ್ನೆಲ್ಲ ಒಲೆಗೆ ಹಾಕು. ಮೂಲಗಳನ್ನು ಇದರ ಜೊತೆಯಲ್ಲಿಯೇ ಕಟ್ಟಿದ್ದೇನೆ. ಅವಳು ಬರೆದದ್ದು ಬರೆದಂತೆಯೇ ಇರಲಿ. ನೂಲು ‘ಎಳೀತೀನಿ’ ಎಂದರೆ ಎನ್ನಲಿ. ಅವಳ ಮಾತಿನಲ್ಲಿ ಒಂದಕ್ಷರ ಮುಟ್ಟಿದರೆ ನನಗೆ ತಿಳಿಯುತ್ತದೆ.

ನೀನು ಇಪ್ಪತ್ತಮೂರು ವರ್ಷ ತಿಳಿದೂ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನನ್ನು ಕ್ಷಮಿಸುವ ಸ್ಥಾನದಲ್ಲಿ ನಾನಿಲ್ಲ, ಕ್ಷಮಿಸಬೇಕಾದವಳು ಇಲ್ಲ. ಆದ್ದರಿಂದ ಇಬ್ಬರೂ ಹೀಗೆಯೇ ಇರೋಣ.

ನಿನ್ನ ಯಂತ್ರ ಈಗಲೂ ನನಗೆ ಹೇಸಿಗೆಯೇ. ತಿರುಗಿಸಿ ನೋಡು ಎಂದು ಕೇಳುವಷ್ಟು ಬುದ್ಧಿ ಅದಕ್ಕಿತ್ತು, ನನಗಿರಲಿಲ್ಲ ಎಂಬ ಕಾರಣಕ್ಕೆ ಅದನ್ನು ಮೆಚ್ಚಬೇಕಾಗಿಲ್ಲ.

ಇದೋ ನನ್ನ ಕೈ ಬರಹ, ಮಗಳಿಗೂ ತೋರಿಸು: ಇನ್ನೂರ ಹದಿನಾಲ್ಕರಲ್ಲಿ ಹನ್ನೊಂದು ನನ್ನ ತಾಯಿಯವು. ಇನ್ನೂರ ಮೂರು ನನ್ನ ಹೆಂಡತಿಯವು. ಅವುಗಳನ್ನು ನಾನು ನಲವತ್ತೆರಡು ವರ್ಷ ತಿಂದೆ. ಬೇರೆಯವಳ ಹೆಸರು ಹೇಳಿ ಹೊಗಳಿದೆ.

ಪೂರ್ಣ ಪಟ್ಟಿ ಬೇರೆ ಹಾಳೆಗಳಲ್ಲಿದೆ. ನೀನು ಈಗಾಗಲೇ ಯಂತ್ರಕ್ಕೆ ತುಂಬಿರುವ ತಪ್ಪು ತಾರೀಖುಗಳಲ್ಲಿ ಕೆಲವನ್ನು ಮಾತ್ರ ಕೆಳಗೆ ಕೊಟ್ಟಿದ್ದೇನೆ. ಇವನ್ನು ಮೊದಲು ಬದಲಾಯಿಸು. ಬೆನ್ನಿನ ತಾರೀಖು ನಾನು ಕರಡು ನೋಡಿದ ದಿನ. ಅವಳು ಬರೆದದ್ದು ಅಂದೇ ಇರಬಹುದು, ಆಮೇಲೂ ಇರಬಹುದು. ಅದಕ್ಕೆ ಮುಂಚೆ ಇರಲಾರದು. ಎಲ್ಲದರಲ್ಲಿಯೂ ‘ಮಾಡಿದವರು’ ಎಂಬಲ್ಲಿ ‘ಅಮ್ಮ’ ಎಂಬುದನ್ನು ಹೊಡೆದು ‘ನನ್ನ ಹೆಂಡತಿ’ ಎಂದು ಓದಿಕೊಳ್ಳತಕ್ಕದ್ದು.

ಅಣ್ಣ

ತಿದ್ದುಪಡಿ

ಚೀಟಿ ೩೧, ಬಟಾಣಿ ಮತ್ತು ಪುದೀನ. ೧೯೮೧ ಎಂದಿದ್ದೆ. ಸರಿಯಾದದ್ದು ೨೦ ನವೆಂಬರ್ ೧೯೯೯. ನಾಲ್ವರಿಗೆ.

ಚೀಟಿ ೪೪, ಬೂದಿಯಲ್ಲಿ ಸುಟ್ಟ ಈರುಳ್ಳಿ. ೧೯೮೮ ಎಂದಿದ್ದೆ. ಸರಿಯಾದದ್ದು ೨ ಫೆಬ್ರವರಿ ೨೦೦೦. ನಾಲ್ವರಿಗೆ.

ಚೀಟಿ ೧೭, ಕುಂಬಳಕಾಯಿ ಗಂಜಿ. ೬ ಮೇ ೧೯೮೪ ಎಂದಿದ್ದೆ. ಸರಿಯಾದದ್ದು ೧೧ ಜುಲೈ ೨೦೦೫. ನಾಲ್ವರಿಗೆ.

ಚೀಟಿ ೯೬, ಹಾಲಿನ ಗಿಣ್ಣು, ಖರ್ಜೂರದ್ದು. ೧೯೮೫ ಎಂದಿದ್ದೆ. ಸರಿಯಾದದ್ದು ೩೦ ಸೆಪ್ಟೆಂಬರ್ ೨೦೦೮. ನಮ್ಮಪ್ಪ ತೀರಿಕೊಂಡ ಮೇಲಿನದು, ಮೂವರಿಗೆ. ಐದನೆಯ ವಾಕ್ಯವನ್ನು ಸೇರಿಸು.

ಚೀಟಿ ೯, ಸೇಬಿನ ಮುರಬ್ಬ. ೧೯೯೨ ಎಂದಿದ್ದೆ. ಸರಿಯಾದದ್ದು ೧೪ ಜನವರಿ ೨೦೧೩. ಮಗಳು ಬೇರೆ ಮನೆ ಮಾಡಿದ ವರ್ಷ, ಇಬ್ಬರಿಗೆ.

ಚೀಟಿ ೧೪೦, ಅಕ್ಕಿ, ಹೆಸರುಕಾಳು, ಒಂದೇ ಪಾತ್ರೆಯಲ್ಲಿ. ‘ಒಲೆ ಹಚ್ಚೋದು ಬರದವರಿಗೂ ಆಗತ್ತೆ’ ಎಂದಿದೆ. ಇದಕ್ಕೂ ತಲೆಬರಹ ‘ಅತ್ತೆ ಹೇಳಿದ್ದು’. ನಾನು ೧೯೮೬ ಎಂದಿದ್ದೆ. ಸರಿಯಾದದ್ದು ೨ ಅಕ್ಟೋಬರ್ ೨೦೨೧. ಒಬ್ಬರಿಗೆ.